ಕುದುರೆ ಕೊಳ್ಳುವ ಮುಂಚೆ ಹುರುಳಿ ಲೆಕ್ಕ ಹಾಕಿ

ಹೋದ ವಾರ ದೇವರಾಜ ಮಾರುಕಟ್ಟೆ ಪಕ್ಕದ ದಿನಸಿ ಅಂಗಡಿ ಯಜಮಾನರೊಬ್ಬರು ನನ್ನನ್ನು ಕೈ ಹಿಡಿದು ನಿಲ್ಲಿಸಿಕೊಂಡರು. “ಸ್ವಾಮಿ, ನೀವು ಪೇಪರಿನವರು, ನಾಲ್ಕು ಜನ ಗೊತ್ತಿರೋರು. ನಮ್ಮಕ್ಕನ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಕುದುರೆ ತಗೋತಾನಂತೆ!” ಅಂದರು.

ಹುಡುಗ ಅಲ್ಲೇ ಬೂಸಾ ಮೂಟೆ ಮೇಲೆ ಕೂತಿದ್ದ. ಇಷ್ಟು ದಿನ ಬಾಡಿಗೆ ಆಟೋ ಓಡಿಸುತ್ತಿದ್ದವನು. ಈಗ ಒಂದು ಕುದುರೆ, ಒಂದು ಹಳೇ ಟಾಂಗಾ ತಗೊಂಡು ಅರಮನೆ ಮುಂದೆ ಪ್ರವಾಸಿಗರನ್ನು ಸುತ್ತಾಡಿಸೋದು, ಮುಹೂರ್ತದ ತಿಂಗಳಲ್ಲಿ ಮದುವೆ ಮೆರವಣಿಗೆಗೆ ಬಾಡಿಗೆ ಕೊಡೋದು ಅಂತ ಅವನ ಲೆಕ್ಕ. ಬಂಡವಾಳಕ್ಕೆ ಅಮ್ಮನ ಎರಡೆಳೆ ಸರ ಗಿರವಿ ಇಡಬೇಕು. ಮನೆಯಲ್ಲಿ ರಂಪ ಆಗಿರೋದು ಅದಕ್ಕೇ.

“ಮಾವ ಸುಮ್ನೆ ಹೆದರಿಸ್ತಾರೆ ಸಾರ್. ಆಟೋಗೆ ದಿನಾ ಗ್ಯಾಸ್ ಹಾಕ್ಸಬೇಕು. ಕುದುರೆಗೆ ಏನು, ಹುಲ್ಲು ಹಾಕಿದ್ರೆ ಆಯ್ತು” ಅಂದ.

ನನಗೆ ಕುದುರೆ ವಿದ್ಯೆ ಅಷ್ಟಕ್ಕಷ್ಟೆ. ಆದರೆ ಅರಮನೆ ಸುತ್ತ ಐವತ್ತು ವರ್ಷ ಲಗಾಮು ಹಿಡಿದ ಒಬ್ಬ ಹಿರಿಯ ಟಾಂಗಾ ಸಾಹೇಬರ ಪರಿಚಯ ಇತ್ತು. ಹುಡುಗನನ್ನು ಕರಕೊಂಡು ಅವರ ಲಾಯಕ್ಕೇ ಹೋದೆ. ಹಣ ಎಷ್ಟು ಕೂಡಿಸಿದ್ದೀಯ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಬೇರೆ. “ರಾತ್ರಿ ಎಲ್ಲಿ ಕಟ್ತೀಯ ಮಗಾ?”

ಹುಡುಗ ತಬ್ಬಿಬ್ಬಾದ. ಆಟೋ ನಿಲ್ಲಿಸೋ ಜಾಗದಲ್ಲೇ ಕಟ್ತೀನಿ ಅಂದ. ಸಾಹೇಬರು ನಗಲಿಲ್ಲ. “ಆಟೋ ನಿಂತ್ರೆ ಗ್ಯಾಸ್ ಕುಡಿಯಲ್ಲ. ಕುದುರೆ ನಿಂತ್ಕೊಂಡೇ ತಿಂತದೆ, ರಾತ್ರಿಯೆಲ್ಲಾ ತಿಂತದೆ” ಅಂದರು.

ಓದುಗರೇ, ಕುದುರೆ ವ್ಯವಹಾರದ ಗುಟ್ಟೆಲ್ಲ ಈ ಒಂದು ಮಾತಿನಲ್ಲೇ ಇದೆ. ಕೊಳ್ಳುವ ಬೆಲೆ ಒಂದು ದಿನದ ತಾಪತ್ರಯ. ದುಡಿಯದ ದಿನದ ಖರ್ಚು ಮಾತ್ರ ವರ್ಷಾನುಗಟ್ಟಲೆ ಬರುತ್ತೆ. ಕುದುರೆ 25–30 ವರ್ಷ ಬದುಕುವ ಪ್ರಾಣಿ. ಐದು ವರ್ಷದ್ದನ್ನು ಇವತ್ತು ತಂದರೆ ಇನ್ನೂ ಇಪ್ಪತ್ತು ವರ್ಷ ಅದು ನಿಮ್ಮ ಮನೆಯ ಖರ್ಚು. ಅಷ್ಟು ವರ್ಷವೂ ಗಾಡಿ ಎಳೆಯುತ್ತೆ ಅಂತ ಯಾವ ದಲ್ಲಾಳಿಯೂ ಬರೆದುಕೊಡಲ್ಲ.

ಹೊಟ್ಟೆ ಲೆಕ್ಕ

ಟಾಂಗಾ ಎಳೆಯುವ ಸಾಧಾರಣ ತಟ್ಟು 300 ಕೆಜಿ ತೂಗುತ್ತೆ ಅನ್ನಿ. ಅದಕ್ಕೆ ದಿನಕ್ಕೆ ಆರೇಳು ಕೆಜಿ ಒಣ ಲೆಕ್ಕದ ಆಹಾರ ಬೇಕು. ಐದು ಕೆಜಿ ಒಳ್ಳೆಯ ಒಣಹುಲ್ಲು, ಮೇಲೆ ದುಡಿಮೆಗೆ ತಕ್ಕ ಹಾಗೆ ಹುರುಳಿ, ಬೂಸಾ ಸೇರಿ ಎರಡೂವರೆ ಕೆಜಿ ಅಂತ ಇಟ್ಟುಕೊಳ್ಳೋಣ. ಅಂಗಡಿಯವರಿಗೆ ಗುಣಾಕಾರ ನಾನು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೆ ಹುಲ್ಲು 1,825 ಕೆಜಿ. ಹುರುಳಿ, ಬೂಸಾ ಸೇರಿ 900 ಕೆಜಿಗೂ ಮೇಲೆ, ಅಂದರೆ 50 ಕೆಜಿಯ ಹದಿನೆಂಟು ಮೂಟೆ. ಇವತ್ತಿನ ನಿಮ್ಮ ಅಂಗಡಿ ದರದಲ್ಲೇ ಹಾಕಿ ನೋಡಿ. ನಮ್ಮ ದಿನಸಿ ಯಜಮಾನರು ಹಾಳೆ ಮೇಲೆ ಹಾಕಿ ನೋಡಿ, ಪೆನ್ನು ಕೆಳಗಿಟ್ಟು ಸುಮ್ಮನಾದರು.

ಖರ್ಚು ಒಂದೇ ಅಲ್ಲ, ಹಾಕುವ ಕ್ರಮವೂ ಇದೆ. ದನ ಮೇಯಿಸಿದವರು ನಮಗೆ ಗೊತ್ತು ಅಂತಾರೆ. ದನದ ಹೊಟ್ಟೆಯೇ ಬೇರೆ, ಕುದುರೆ ಹೊಟ್ಟೆಯೇ ಬೇರೆ. ದನ ಮೆಲುಕು ಹಾಕುತ್ತೆ. ಕುದುರೆ ಹಾಕಲ್ಲ, ವಾಂತಿ ಮಾಡಿಕೊಳ್ಳಲೂ ಅದಕ್ಕೆ ಆಗಲ್ಲ. ದೇಹಕ್ಕೆ ಹೋಲಿಸಿದರೆ ಜಠರ ಬಹಳ ಚಿಕ್ಕದು. ಒಂದೇ ಸಲಕ್ಕೆ ಬಕೆಟ್ ತುಂಬಾ ಹುರುಳಿ ಸುರಿದರೆ, ಇಲ್ಲ ಬೂಷ್ಟು ಹಿಡಿದ ಹುಲ್ಲು ಹಾಕಿದರೆ ಹೊಟ್ಟೆಶೂಲೆ ಬಂದು ನೆಲಕ್ಕೆ ಬಿದ್ದು ಹೊರಳಾಡುತ್ತೆ. ಬೆಳಗ್ಗೆ ಚೆನ್ನಾಗಿದ್ದ ಕುದುರೆ ಸಂಜೆಗೆ ಇಲ್ಲ ಅನ್ನುವಂಥದ್ದು ಹೆಚ್ಚಾಗಿ ಹೀಗೇ ಆಗೋದು. ಹುರುಳಿಯನ್ನು ನೆನೆಸಿ ಇಲ್ಲ ಬೇಯಿಸಿ, ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ಸಲ ಕೊಡಬೇಕು. ಮಧ್ಯೆ ಹುಲ್ಲು ಮುಂದೆ ಇದ್ದೇ ಇರಬೇಕು. ಬೂಸಾ ಅಗ್ಗ ಅಂತ ಅದನ್ನೇ ತುಂಬಿದರೆ ಸುಣ್ಣದಂಶ ಸಾಲದೆ ಮೂಳೆ ಮೆತ್ತಗಾಗುತ್ತೆ. ಇನ್ನೊಂದು ಮಾತು: ಕೋಳಿಗೆ, ದನಕ್ಕೆ ಅಂತ ಬರುವ ಕೆಲವು ತಯಾರಿ ಆಹಾರಗಳಲ್ಲಿ ಮೊನೆನ್ಸಿನ್ ಅನ್ನುವ ಔಷಧಿ ಬೆರೆಸಿರುತ್ತಾರೆ. ಕುದುರೆಗೆ ಅದು ಶುದ್ಧ ವಿಷ. ಉಳಿದಿದೆ, ದಂಡ ಆಗುತ್ತೆ ಅಂತ ಹಾಕಬೇಡಿ.

ನೀರು ದಿನಕ್ಕೆ 25–30 ಲೀಟರ್. ಬಿಸಿಲಲ್ಲಿ ದುಡಿದ ದಿನ 40 ದಾಟುತ್ತೆ. ಎರಡು ದಿನಕ್ಕೊಮ್ಮೆ ನಲ್ಲಿ ಬಿಡುವ ಬೀದಿಯವರು ಇದನ್ನು ಎರಡು ಸಲ ಓದಿಕೊಳ್ಳಿ. ಲದ್ದಿ ದಿನಕ್ಕೆ 10ರಿಂದ 15 ಕೆಜಿ. ಎತ್ತದೆ ಬಿಟ್ಟರೆ ನೊಣ, ಅಕ್ಕಪಕ್ಕದವರ ಬೈಗುಳ, ಆಮೇಲೆ ಪಾಲಿಕೆಯವರು. ಗಂಜಲದ ನೆಲದಲ್ಲಿ ನಿಂತೇ ಇದ್ದರೆ ಗೊರಸು ಕೊಳೆಯುತ್ತೆ. ಸಾಹೇಬರು ಎಲ್ಲಿ ಕಟ್ತೀಯ ಅಂತ ಕೇಳಿದ್ದು ಇದಕ್ಕೇ.

ಗೊರಸು ಅಂದಾಗ ಲಾಳದ ಮಾತು. ಟಾರು ರಸ್ತೆಯಲ್ಲಿ ಓಡುವ ಕುದುರೆಗೆ ಐದಾರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹೊಸ ಲಾಳ ಕಟ್ಟಿಸಬೇಕು. ಆಟೋ ಕೆಟ್ಟರೆ ಮೂಲೆಗೊಬ್ಬ ಮೆಕ್ಯಾನಿಕ್ ಸಿಗುತ್ತಾನೆ. ಲಾಳ ಕಟ್ಟುವ ಒಳ್ಳೆ ಕೈ ಎಷ್ಟಿವೆ ಅಂತ ಹುಡುಕಿ ನೋಡಿ. ಕುದುರೆ ಹುಡುಕುವ ಮುಂಚೆ ಲಾಳದವನನ್ನು ಹುಡುಕಿಕೋ ಅಂದರು ಸಾಹೇಬರು. ಹುಡುಗ ನಕ್ಕ. ನಗುವ ಮಾತಲ್ಲ ಅದು.

ಹಲ್ಲು ನೋಡಿ, ಕಾಲು ಎತ್ತಿ

ದಾನ ಕೊಟ್ಟ ದನದ ಹಲ್ಲು ಎಣಿಸಬಾರದು ಅಂತಾರೆ. ಕಾಸು ಕೊಟ್ಟು ತರುವ ಕುದುರೆಯದ್ದು ಎಣಿಸಲೇಬೇಕು. ಮುಂದಿನ ಹಾಲುಹಲ್ಲಿನಲ್ಲಿ ನಡುವಿನ ಜೋಡಿ ಎರಡೂವರೆ ವರ್ಷಕ್ಕೆ ಬೀಳುತ್ತೆ, ಅದರ ಪಕ್ಕದ್ದು ಮೂರೂವರೆಗೆ, ಮೂಲೆಯದ್ದು ನಾಲ್ಕೂವರೆಗೆ. ಐದಕ್ಕೆ ಬಾಯಿ ತುಂಬುತ್ತೆ. ಹತ್ತರ ಸುಮಾರಿಗೆ ಮೇಲಿನ ಮೂಲೆಹಲ್ಲಿನ ಹೊರಮೈಯಲ್ಲಿ ಒಸಡಿನಿಂದ ಒಂದು ಕಂದು ಗೆರೆ ಇಳಿಯೋಕೆ ಶುರುವಾಗಿ ಹದಿನೈದಕ್ಕೆ ಅರ್ಧ, ಇಪ್ಪತ್ತಕ್ಕೆ ಪೂರ್ತಿ ಆಗುತ್ತೆ. ಇದು ಅಂದಾಜು, ಪಂಚಾಂಗ ಅಲ್ಲ. ಹಲ್ಲು ಉಜ್ಜಿ, ಬಣ್ಣ ಹಾಕಿ ಮುದಿ ಕುದುರೆಯನ್ನು ಪ್ರಾಯದ್ದು ಮಾಡುವ ಕಸುಬು ಲೋಕದಲ್ಲಿ ಹಳೆಯದು. ಆದ್ದರಿಂದ ಪಶುವೈದ್ಯರನ್ನು ಜೊತೆಗೇ ಕರಕೊಂಡು ಹೋಗೋದು ಲೇಸು. ಅವರ ಫೀಸು ಉಳಿಸೋಕೆ ಹೋಗಿ ಸರ ಕಳಕೊಳ್ಳಬೇಡಿ.

ಸುಳಿ ನೋಡುವವರು ಇದ್ದಾರೆ. ಹಣೆಯಲ್ಲಿ ಇಂಥ ಸುಳಿ ಇದ್ದರೆ ಯಜಮಾನನಿಗೆ ಆಗಲ್ಲ, ಎದೆಯಲ್ಲಿದ್ದರೆ ಐಶ್ವರ್ಯ, ಹೀಗೆ. ನಂಬುವವರು ನಂಬಲಿ, ನನ್ನ ತಕರಾರಿಲ್ಲ. ಆದರೆ ಸುಳಿ ನೋಡಿದ ಕಣ್ಣು ಮೊಣಕಾಲನ್ನೂ ನೋಡಲಿ. ಅಲ್ಲಿ ಗಾಯದ ಕಲೆ ಇದ್ದರೆ ಆ ಕುದುರೆ ಮುಗ್ಗರಿಸಿ ಬಿದ್ದಿದೆ ಅಂತ ಅರ್ಥ. ಒಂದು ಸಲ ಬಿದ್ದದ್ದು ಇನ್ನೊಂದು ಸಲ ಬೀಳಬಹುದು, ಆಗ ಹಿಂದೆ ಗಾಡಿಯಲ್ಲಿ ಯಾರದ್ದೋ ಮಕ್ಕಳಿರುತ್ತಾರೆ. ಗಟ್ಟಿ ನೆಲದ ಮೇಲೆ ಸಣ್ಣಗೆ ಓಡಿಸಿ ನೋಡಿ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಎಗರುತ್ತೆ. ನೋವಿನ ಇಂಜೆಕ್ಷನ್ ಚುಚ್ಚಿ ತೋರಿಸುವವರೂ ಇದ್ದಾರೆ, ಅದಕ್ಕೇ ಒಂದೇ ದಿನ ನೋಡಿ ಮುಂಗಡ ಕೊಡಬಾರದು. ನಾಲ್ಕೈದು ದಿನ ಬಿಟ್ಟು, ಹೇಳದೇ ಕೇಳದೇ, ಬೆಳಗಿನ ಜಾವ ಲಾಯಕ್ಕೇ ಹೋಗಿ. ಕಾಲು ನಾಲ್ಕನ್ನೂ ಎತ್ತಿ. ಎತ್ತಗೊಡದ ಕುದುರೆಗೆ ಲಾಳ ಕಟ್ಟೋದು ಹೇಗೆ? ಕೊನೆಗೆ ಬಸ್ ಸ್ಟಾಂಡ್ ಹತ್ತಿರ ನಿಲ್ಲಿಸಿ. ಬಸ್ಸಿನ ಹಾರನ್ನಿಗೆ ಬೆಚ್ಚಿ ಹಾರುವ ಕುದುರೆ ಮದುವೆ ಮನೆಯ ಪಟಾಕಿ ಮುಂದೆ ಏನು ಮಾಡುತ್ತೆ ಅಂತ ಊಹಿಸಿಕೊಳ್ಳಿ.

ನಮ್ಮ ಹುಡುಗನ ಕಣ್ಣು ಮಾತ್ರ ರೇಸಿನಿಂದ ಬಿಟ್ಟ ಕುದುರೆ ಮೇಲಿತ್ತು. ಅಗ್ಗಕ್ಕೆ ಸಿಗುತ್ತೆ, ನೋಡೋಕೆ ಲಕ್ಷಣ. ರೇಸ್ ಊರಿನಲ್ಲಿ ಹುಟ್ಟಿದವರಿಗೆ ಈ ಆಸೆ ಸಹಜ. ಹಿಂದೆ ಸೈನ್ಯಕ್ಕೆ ಅಂತ ಟಿಪ್ಪು ಕಾಲದಲ್ಲಿ ಬೆಳೆದ ಕುಣಿಗಲ್ ಫಾರಂ ಕೂಡ ಆಮೇಲೆ ಹೆಸರು ಮಾಡಿದ್ದು ರೇಸಿನ ಕುದುರೆಯಿಂದಲೇ. ಆದರೆ ಆ ಜಾತಿ ಕುದುರೆ 450–500 ಕೆಜಿ ತೂಗುತ್ತೆ. ಮೇಲೆ ಹಾಕಿದ ಹುಲ್ಲಿನ ಲೆಕ್ಕವೆಲ್ಲ ಒಂದೂವರೆ ಪಟ್ಟು ಮಾಡಿಕೊಳ್ಳಿ. ಎರಡು ವರ್ಷದಿಂದಲೇ ಅದಕ್ಕೆ ಕಲಿಸಿರೋದು ಒಂದೇ, ಮುಂದಿನದನ್ನು ಹಿಂದೆ ಹಾಕಿ ಓಡು ಅಂತ. ಅಂಥದ್ದನ್ನು ಗಾಡಿಗೆ ಕಟ್ಟಿ ಸಿಗ್ನಲ್ಲಿನಲ್ಲಿ ನಿಲ್ಲು ಅಂದರೆ ನಿಲ್ಲುತ್ತಾ? ಹೊಸದಾಗಿ ಪಳಗಿಸಲು ತಿಂಗಳುಗಟ್ಟಲೆ ಬೇಕು, ಬಲ್ಲವರ ಕೈ ಬೇಕು. ಎಷ್ಟೋ ಕುದುರೆ ರೇಸು ಬಿಡೋದೇ ಕಾಲಿನ ನರ ಉಳುಕಿ. ಅಗ್ಗದ ಕಾರಣ ಅಲ್ಲಿರುತ್ತೆ.

ಗಾಡಿಗೆ ಬೇಕಾದರೆ ಸಣ್ಣ ಗಟ್ಟಿ ಕುದುರೆ ಸಾಕು. ಆಷಾಢದ ಸುಮಾರಿಗೆ ತಮಿಳುನಾಡಿನ ಅಂದಿಯೂರಿನಲ್ಲಿ ಗುರುನಾಥಸ್ವಾಮಿ ಜಾತ್ರೆ ಸೇರುತ್ತೆ, ಅಲ್ಲಿ ದನ, ಕುದುರೆ ವ್ಯಾಪಾರ ಜೋರು. ಕಿವಿ ಒಳಕ್ಕೆ ಬಾಗಿದ ಮಾರವಾಡಿ ಕುದುರೆಗಳೂ ಬರುತ್ತವೆ. ಹೋಗಿ ನೋಡಿ ಬನ್ನಿ. ಮೊದಲನೇ ಸಲ ಹೋಗುವಾಗ ಜೇಬಿನಲ್ಲಿ ಬಸ್ ಚಾರ್ಜು ಮಾತ್ರ ಇರಲಿ.

ರೋಗ, ಕಾನೂನು, ಲಾಕ್‌ಡೌನ್

ಎಲ್ಲಿ ಕೊಂಡರೂ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಆಗಿದೆಯಾ ಅಂತ ಕಾಗದ ಕೇಳಿ. ಇದು ಕುದುರೆಯಿಂದ ಮನುಷ್ಯನಿಗೂ ಹತ್ತುವ ಮಾರಿ. ಹರಿಯಾಣದ ಹಿಸಾರಿನಲ್ಲಿರುವ ಕುದುರೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತೆ. ರೋಗ ಖಚಿತವಾದರೆ ಮದ್ದು ಮಾಡುವ ಹಾಗಿಲ್ಲ, 2009ರ ಕಾಯಿದೆ ಪ್ರಕಾರ ಕುದುರೆಯನ್ನು ಕೊಲ್ಲಿಸಬೇಕು. ಧನುರ್ವಾಯು ಕುದುರೆಗೆ ಬೇಗ ತಗಲುತ್ತೆ, ಅದರ ಚುಚ್ಚುಮದ್ದು ತಪ್ಪಿಸಬಾರದು. ಒಂದು ತುಕ್ಕು ಮೊಳೆ ಸಾಕು.

ಕಾನೂನು 1965ರಿಂದಲೇ ಇದೆ, ಓದಿದವರು ಕಮ್ಮಿ. ಗಾಡಿ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ ಐದು ಗಂಟೆ ಮೀರಬಾರದು. ಬಿಸಿಲು 37 ಡಿಗ್ರಿ ದಾಟಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟಲೇಬಾರದು. ಗಾಡಿ ಹೊಡೆಯುವವನು, ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ಕೇ ಜನ. ದಸರಾದಲ್ಲಿ ಎಂಟು ಜನ ಹತ್ತಿಸಿ ಡಬ್ಬಲ್ ಸಂಪಾದಿಸ್ತೀನಿ ಅನ್ನೋ ಲೆಕ್ಕ ಇಲ್ಲಿಗೆ ಕಟ್. ಅಷ್ಟೇ ಅಲ್ಲ, ಮುಂಬೈಯಲ್ಲಿ ಮೋಜಿಗೆ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಅಂತ 2015ರಲ್ಲಿ ಅಲ್ಲಿನ ಹೈಕೋರ್ಟು ಹೇಳಿ, ನಿಲ್ಲಿಸಲು ಒಂದು ವರ್ಷ ಕೊಟ್ಟಿತು. ಮೈಸೂರಿನ ಟಾಂಗಾಕ್ಕೆ ಊರಿನ ಅಭಿಮಾನದ ಬೆಂಬಲ ಇದೆ, ನಿಜ. ಇಪ್ಪತ್ತು ವರ್ಷ ಬದುಕುವ ಪ್ರಾಣಿ ಮೇಲೆ ಸಾಲ ಮಾಡುವವನು ಇಪ್ಪತ್ತು ವರ್ಷದ ಮಾತು ಯೋಚಿಸಬೇಕಲ್ಲವೇ?

ಸಂಪಾದನೆ ವಿಷಯಕ್ಕೆ ಬರೋಣ. ದಸರಾ, ಬೇಸಿಗೆ ರಜೆ, ಡಿಸೆಂಬರಿನ ಶಾಲಾ ಪ್ರವಾಸ, ಆಗ ಕೈತುಂಬ ಗಿರಾಕಿ. ಮಳೆಗಾಲದಲ್ಲಿ ಟಾಂಗಾ ಹತ್ತುವವರು ಯಾರು? ಆಷಾಢದಲ್ಲಿ ಮದುವೆಯೂ ಇಲ್ಲ. ಇದಾದರೂ ಗೊತ್ತಿರುವ ಬರ. ಗೊತ್ತಿಲ್ಲದ್ದು 2020ರ ಮಾರ್ಚ್ 25ಕ್ಕೆ ಬಂತು. ಊರಿಗೆ ಊರೇ ಬಾಗಿಲು ಹಾಕಿತು. ಅರಮನೆ ಮುಂದೆ ನಾಯಿ ಕೂಡ ಇಲ್ಲ.

ಸಾಹೇಬರು ಆ ದಿನಗಳ ಮಾತು ಎತ್ತಿದಾಗ ಎದ್ದು ಹೋಗಿ ಕುದುರೆ ಕುತ್ತಿಗೆ ಮೇಲೆ ಕೈ ಇಟ್ಟುಕೊಂಡು ನಿಂತರು. “ನಾವು ಒಂದು ಹೊತ್ತು ಬಿಟ್ವಿ ಸಾರ್. ಇದಕ್ಕೆ ಬಿಡು ಅಂತ ಹೇಳೋಕಾಗ್ತದಾ? ಕಾಲು ಕೆರೀತಿತ್ತು. ಆ ಶಬ್ದ ರಾತ್ರಿಯೆಲ್ಲಾ ಕೇಳಿಸ್ತಿತ್ತು.” ಪುಣ್ಯಾತ್ಮರು ಕೆಲವರು ಹುರುಳಿ, ಬೂಸಾ ತಂದುಕೊಟ್ಟರಂತೆ. ಅದು ಬರದ ದಿನ ಮೈದಾನದ ಗರಿಕೆ ಕೊಯ್ದು ತಂದರಂತೆ. ಸಾಕಲಾರದೆ ಬೀದಿಗೆ ಬಿಟ್ಟವರೂ ಇದ್ದರಲ್ಲ ಅಂತ ಹುಡುಗ ಕೇಳಿದ. ಬಿಡೋದು 1960ರ ಪ್ರಾಣಿಹಿಂಸೆ ಕಾಯಿದೆಯಲ್ಲೇ ಅಪರಾಧ ಅಂತ ನಾನು ಹೇಳಿದೆ. ಸಾಹೇಬರು ಕಾಯಿದೆ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಲಾಯದ ಮೂಲೆಯಲ್ಲಿ ಇನ್ನೊಂದು ಕುದುರೆ ನಿಂತಿತ್ತು. ಬೆನ್ನು ಬಾಗಿದೆ, ಕಣ್ಣಿನ ಮೇಲೆ ಗುಳಿ ಬಿದ್ದಿದೆ. “ಇದು ಗಾಡಿ ಎಳೆದು ನಾಲ್ಕು ವರ್ಷ ಆಯ್ತು” ಅಂದರು ಅಷ್ಟೆ. ಅದರ ಮುಂದೆಯೂ ಹುಲ್ಲು ಇತ್ತು.

ಬರುವ ದಾರಿಯಲ್ಲಿ ಹುಡುಗ ಹೆಚ್ಚು ಮಾತಾಡಲಿಲ್ಲ. ದೊಡ್ಡ ಗಡಿಯಾರದ ಹತ್ತಿರ ಬಂದಾಗ, “ಮೂರು ತಿಂಗಳ ಮೇವಿನ ಕಾಸು ಮೊದಲೇ ಬೇರೆ ಎತ್ತಿಟ್ಟರೆ ಸಾಕಾ ಸಾರ್?” ಅಂತ ಕೇಳಿದ. ಆರು ತಿಂಗಳದ್ದು ಇಡು, ಅದು ಕೂಡಿಸೋಕೆ ಆಗದಿದ್ದರೆ ಆಟೋನೇ ಓಡಿಸು ಅಂದೆ. ಮೊದಲು ಒಂದು ಮಳೆಗಾಲ ಸಾಹೇಬರ ಲಾಯದಲ್ಲೇ ಕೆಲಸ ಮಾಡು ಅಂತಲೂ ಹೇಳಿದೆ. ಸಾಹೇಬರಿಗೂ ಒಂದು ಎಳೆ ಕೈ ಬೇಕಾಗಿದೆ.

ಅಮ್ಮನ ಸರ ಇನ್ನೂ ಅಮ್ಮನ ಕೊರಳಲ್ಲೇ ಇದೆ. ಹುಡುಗ ಸೋಮವಾರದಿಂದ ಬೆಳಗ್ಗೆ ಐದಕ್ಕೆ ಎದ್ದು ಲದ್ದಿ ಎತ್ತೋಕೆ ಹೋಗ್ತಿದ್ದಾನಂತೆ, ಒಂಬತ್ತರ ಮೇಲೆ ಆಟೋ. ನಿನ್ನೆ ಅಂಗಡಿ ಮುಂದೆ ಹಾದುಹೋಗುವಾಗ ಯಜಮಾನರನ್ನು ಮಾತಾಡಿಸಿದೆ. “ಎಷ್ಟು ದಿನ ಹೋಗ್ತಾನೋ ನೋಡೋಣ” ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಹುರುಳಿ ಮಾತ್ರ ನಾನು ಅಸಲು ದರಕ್ಕೇ ಕೊಡ್ತೀನಿ ಬಿಡಿ ಅಂದರು.