ಸೀಸದ ಕೊಳವೆಯೂ ನೀರಿನ ಗೋಪುರವೂ

ಒಂದು ಲೀಟರು ನೀರಿನ ತೂಕ ಸುಮಾರು ಒಂದು ಕಿಲೋಗ್ರಾಂ. ಅದನ್ನು ನೂರು ಕೋಟಿ ಸಮಭಾಗಗಳಾಗಿ ವಿಂಗಡಿಸಿದರೆ ಒಂದೊಂದು ಭಾಗವೂ ಒಂದು ಮೈಕ್ರೋಗ್ರಾಂ ತೂಗುವುದು. ಇಂತಹ ಹದಿನೈದು ಭಾಗಗಳಷ್ಟು ಸೀಸ ನೀರಿನಲ್ಲಿ ಕರಗಿದ್ದರೆ ಅದು ಕಣ್ಣಿಗೆ ಕಾಣದು, ನಾಲಗೆಗೂ ತಿಳಿಯದು. ಆದರೆ ಬೆಳೆಯುವ ಮಗುವಿನ ಮಿದುಳಿಗೆ ಸೀಸವು ಅಲ್ಪ ಪ್ರಮಾಣದಲ್ಲಿಯೂ ಹಾನಿಕರ. ಆದುದರಿಂದ ಲೀಟರಿಗೆ 15 ಮೈಕ್ರೋಗ್ರಾಂ ಎಂಬ ಮಿತಿಯನ್ನು ಅಮೆರಿಕ ಸಂಯುಕ್ತ ಸಂಸ್ಥಾನವು 1991ರಲ್ಲಿ ಗೊತ್ತುಮಾಡಿತು. ಪರೀಕ್ಷಿಸಿದ ಮನೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚಿನವು ಇದನ್ನು ಮೀರಿದರೆ ಆ ಊರಿನ ನೀರು ಸರಬರಾಜು ಸಂಸ್ಥೆಯು ಕ್ರಮ ಕೈಗೊಳ್ಳಲೇಬೇಕು.

ಈ ಸೀಸ ಬರುವುದೆಲ್ಲಿಂದ? ಬಹುಮಟ್ಟಿಗೆ ಕೆರೆಯಿಂದಲ್ಲ, ಬಾವಿಯಿಂದಲ್ಲ. ಬೀದಿಯ ದೊಡ್ಡ ಕೊಳವೆಯನ್ನು ಮನೆಗೆ ಜೋಡಿಸುವ ಸಣ್ಣ ಕೊಳವೆಯಿಂದ. ಸೀಸ ಮೃದು, ಸುಲಭವಾಗಿ ಬಾಗುವುದು. ಹಿಂದಿನವರು ಅದನ್ನು ಮೆಚ್ಚಿ ಬಳಸಿದ್ದರು.

ವಿಸ್ಕಾನ್ಸಿನ್ ಸಂಸ್ಥಾನದ ರಾಜಧಾನಿ ಮ್ಯಾಡಿಸನ್ ನಗರದಲ್ಲಿ ಮಿತಿ ಮೀರಿತು. ನೀರಿಗೆ ಫಾಸ್ಫೇಟ್ ಬೆರೆಸಿದರೆ ಕೊಳವೆಯ ಒಳಮೈಗೆ ರಕ್ಷಕ ಲೇಪ ಕೂಡುತ್ತದೆ. ಆದರೆ ಅದು ಸರೋವರಗಳ ಊರು. ಫಾಸ್ಫೇಟ್ ಅಲ್ಲಿಗೆ ಸೇರಿದರೆ ಪಾಚಿ ಹಬ್ಬುವುದು. ನಗರವು ನೆಲವನ್ನು ಅಗೆದು ಕೊಳವೆಗಳನ್ನೇ ಬದಲಿಸಲು ನಿಶ್ಚಯಿಸಿತು.

ಆಗ ಕಠಿಣವಾದ ಪ್ರಶ್ನೆ ಎದುರಾಯಿತು: ಹಣ ಕೊಡುವವರು ಯಾರು? ಕೊಳವೆಯ ಬೀದಿಯ ಕಡೆಯ ಭಾಗ ಸಂಸ್ಥೆಯದು, ಮನೆಯ ಕಡೆಯ ಭಾಗ ಮಾಲೀಕನದು. ಒಂದು ಭಾಗವನ್ನು ಮಾತ್ರ ಬದಲಿಸಿದರೆ, ಉಳಿದ ಸೀಸ ಅಲುಗಾಡಿ ಕೆಲಕಾಲ ನೀರು ಇನ್ನಷ್ಟು ಕೆಡಬಹುದು. ಎರಡನ್ನೂ ಬದಲಿಸಬೇಕೆಂದು ನಗರವು ಕಟ್ಟಳೆ ಮಾಡಿ, ಮಾಲೀಕನ ವೆಚ್ಚದ ಅರ್ಧವನ್ನು 1000 ಡಾಲರುಗಳ ಮಿತಿಯೊಳಗೆ ತಾನೇ ಕೊಡಲೊಪ್ಪಿತು. ಆದರೆ ಎಲ್ಲರಿಂದಲೂ ವಸೂಲಾದ ನೀರಿನ ದರವನ್ನು ಖಾಸಗಿ ಸ್ವತ್ತಿಗೆ ವ್ಯಯಮಾಡಲು ದರಗಳನ್ನು ನಿಯಂತ್ರಿಸುವ ಆಯೋಗವು ಸಮ್ಮತಿಸಲಿಲ್ಲ.

ಪರಿಹಾರ ದೊರೆತದ್ದು ನೀರಿನ ಗೋಪುರದ ನೆತ್ತಿಯಲ್ಲಿ! ಸುಮಾರು ಹತ್ತು ಮೀಟರು ಎತ್ತರದ ನೀರು ಒಂದು ವಾಯುಮಂಡಲದಷ್ಟು ಒತ್ತಡವನ್ನು ಕೊಡುವುದೆಂದು ನೀವು ಓದಿದ್ದೀರಿ. ಆ ಒತ್ತಡಕ್ಕಾಗಿಯೇ ಗೋಪುರವನ್ನು ಎತ್ತರವಾಗಿ ಕಟ್ಟುತ್ತಾರೆ. ಮೊಬೈಲ್ ದೂರವಾಣಿಯ ಆಂಟೆನಾಗಳಿಗೂ ಎತ್ತರವೇ ಬೇಕು. ಅವುಗಳಿಗೆ ಸ್ಥಳ ಕೊಟ್ಟು ಪಡೆದ ಬಾಡಿಗೆಯು ಮನೆಯವರ ನೆರವಿಗೆ ನಿಧಿಯಾಯಿತು. 2001ರಲ್ಲಿ ತೊಡಗಿದ ಕಾರ್ಯ ಸುಮಾರು ಹತ್ತು ವರ್ಷ ನಡೆದು, 8000ಕ್ಕೂ ಹೆಚ್ಚು ಸೀಸದ ಕೊಳವೆಗಳ ಸ್ಥಾನದಲ್ಲಿ ತಾಮ್ರದವು ಬಂದವು.

2024ರ ಅಕ್ಟೋಬರಿನಲ್ಲಿ ಆ ದೇಶದಲ್ಲಿ ಇನ್ನೂ ಕಟ್ಟುನಿಟ್ಟಾದ ನಿಯಮ ಪ್ರಕಟವಾಯಿತು. ಜಾರಿಗೆ ಬಂದ ಮೇಲೆ ಬಹುತೇಕ ಊರುಗಳು ಹತ್ತು ವರ್ಷಗಳಲ್ಲಿ ಸೀಸದ ಕೊಳವೆಗಳನ್ನೆಲ್ಲ ತೆಗೆಯಬೇಕೆಂಬುದು ಅದರ ಆಶಯ. ಈ ಕೆಲಸಕ್ಕೆ 2021ರ ಕಾನೂನೊಂದು 1500 ಕೋಟಿ ಡಾಲರುಗಳನ್ನು ತೆಗೆದಿರಿಸಿತ್ತು. ಅದರಲ್ಲಿ ಅರ್ಧಕ್ಕೆ ಸಮೀಪದ ಭಾಗ ಹಿಂದುಗ ಊರುಗಳಿಗೆ ಮರಳಿಸಬೇಕಿಲ್ಲದ ನೆರವು, ಉಳಿದದ್ದು ಸಾಲ. ಸಾಲವನ್ನು ತೀರಿಸುವುದು ಕೊನೆಗೆ ನೀರಿನ ದರದಿಂದಲೇ. ಸಾವಿರ ಮನೆಗಳ ಮೇಲೆ ಹಂಚಿದ ಭಾರ ಲಕ್ಷ ಮನೆಗಳ ಮೇಲೆ ಹಂಚಿದ ಭಾರದಂತೆ ಹಗುರವಲ್ಲ.

ಮೈಕ್ರೋಗ್ರಾಮನ್ನು ಅಳೆಯಲು ಪ್ರಯೋಗಶಾಲೆ ಸಾಕು. ಅಳತೆ ತಿಳಿಸಿದ ಅಪಾಯವನ್ನು ನೀಗಲು ಅಗೆತ, ಕೊಳವೆ, ಹಣ ಮೂರೂ ಬೇಕು. ಮಿತಿಯನ್ನು ಗೊತ್ತುಮಾಡುವ ದಿನವೇ ಅದರ ವೆಚ್ಚವನ್ನು ಹೊರುವವರನ್ನೂ ಗೊತ್ತುಮಾಡದಿದ್ದರೆ, ಆ ಮಿತಿ ಕಾಗದದಲ್ಲಿಯೇ ಉಳಿದು, ಸೀಸ ಮಗುವಿನ ಲೋಟಕ್ಕೆ ಇಳಿಯುತ್ತಲೇ ಇರುತ್ತದೆ.