ಕೊಟೇಶನ್‌ನಲ್ಲಿ ಕಾಣದ ಖರ್ಚು: ಸಪ್ಲೈಯರ್ ಆರಿಸೋದು ಹೇಗೆ?

ಪೀಣ್ಯದಲ್ಲಿ ಲೇಥ್ ಇಟ್ಟುಕೊಂಡು ಶಾಫ್ಟ್ ಮಾಡೋ ಒಂದು ಸಣ್ಣ ಯೂನಿಟ್ ಅಂದ್ಕೊಳ್ಳಿ. ಇಎನ್8 ಉಕ್ಕಿನ ರಾಡ್ ಬೇಕು. ಹಳೇ ಸಪ್ಲೈಯರ್ ಒಂದು ಲಕ್ಷ ಅಂತಾರೆ, ಹೊಸಬರು 97 ಸಾವಿರ. ಮೂರು ಸಾವಿರ ಉಳೀತು ಅನ್ಸುತ್ತೆ, ಅಲ್ವಾ?

ಆದರೆ 97 ಸಾವಿರಕ್ಕೆ ಶೇ 18ರಂತೆ 17,460 ರೂಪಾಯಿ ಜಿಎಸ್‌ಟಿಯನ್ನೂ ನೀವು ಅವರ ಕೈಗೆ ಕೊಡ್ತೀರಿ. ಅವರು ಜಿಎಸ್‌ಟಿಆರ್-1ರಲ್ಲಿ ಆ ಬಿಲ್ ತೋರಿಸದಿದ್ದರೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ ಅದು ಬರಲ್ಲ. ಬರೋವರೆಗೂ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಹಾಗಾಗಿ ಆರ್ಡರ್‌ಗೆ ಮುಂಚೆಯೇ ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿ ನೋಡಿ: ನೋಂದಣಿ ಚಾಲ್ತಿಯಲ್ಲಿದೆಯಾ? ರಿಟರ್ನ್ ಸಲ್ಲಿಸ್ತಾ ಇದ್ದಾರಾ?

ಎರಡನೇದು ಮಾಲು. ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಅದರಲ್ಲಿರೋ ಹೀಟ್ ನಂಬರ್ ಬಂದ ರಾಡಿನ ಗುರುತಿಗೆ ತಾಳೆಯಾಗಬೇಕು. ಮೊದಲ ಸಲ ಸ್ವಲ್ಪವೇ ತರಿಸಿ, ಒಂದು ತುಂಡು ಲ್ಯಾಬ್‌ಗೆ ಕಳಿಸಿ. ಇಎನ್8ರಲ್ಲಿ ಇಂಗಾಲ ಸುಮಾರು ಶೇ 0.4 ಇರುತ್ತೆ. ತೀರಾ ಕಡಿಮೆ ಇದ್ದರೆ ಹಾರ್ಡನಿಂಗ್ ಮಾಡಿದಾಗ ಬೇಕಾದ ಗಡಸುತನ ಬರಲ್ಲ. ಆಗ ರಾಡ್ ಜೊತೆಗೆ ಅದಕ್ಕೆ ಹಾಕಿದ ಕೂಲಿ, ಕರೆಂಟು, ಮಷಿನ್ ಟೈಮ್ ಎಲ್ಲಾ ಗುಜರಿಗೆ.

ಮೂರನೇದು ದಾಖಲೆ. ಸಪ್ಲೈಯರನ್ನ ಆರಿಸೋಕೆ, ಆಗಾಗ ಮತ್ತೆ ಪರಿಶೀಲಿಸೋಕೆ ಮಾನದಂಡ ಇರಬೇಕು ಅನ್ನುತ್ತೆ ಐಎಸ್‌ಒ 9001:2015ರ 8.4ನೇ ವಿಭಾಗ. ಸಣ್ಣವರಿಗೆ ಒಂದು ನೋಟ್‌ಬುಕ್ ಸಾಕು: ಎಷ್ಟು ಲಾಟ್ ಬಂತು, ಎಷ್ಟು ವಾಪಸ್ ಹೋಯ್ತು, ಎಷ್ಟು ದಿನ ತಡ ಆಯ್ತು.

ನೋಟ್‌ಬುಕ್ಕಿನಲ್ಲಿ ಮೂರ್ನಾಲ್ಕು ಲಾಟ್ ಸರಿ ಬರೋವರೆಗೂ ಹಳಬರನ್ನ ಬಿಡಬೇಡಿ. ಆಮೇಲೂ ಇಬ್ಬರನ್ನೂ ಇಟ್ಟುಕೊಳ್ಳಿ. ಒಬ್ಬರೇ ಇದ್ದರೆ, ಅವರು ಕೈಕೊಟ್ಟ ದಿನ ನಿಮ್ಮ ಲೇಥೂ ನಿಲ್ಲುತ್ತೆ.