ಒಂದು ಪದ ತಪ್ಪಿದರೆ ಪಿಂಚಣಿ ಗೋತಾ!

"ಸಾಕಾತ್ರಿ ಈ ಡ್ಯೂಟಿ. ರಾಜೀನಾಮೆ ಬರೆದು ಒಗೆದು ಮಗನ ಅಂಗಡಿಯೊಳಗ ಕೂಡ್ತೀನಿ." ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ ಕಡೆ ಚಹಾ ಅಂಗಡಿಗಳಲ್ಲಿ ಇಂಥ ಮಾತು ಹೊಸದೇನಲ್ಲ. ಆದರೆ ಬರೆಯುವ ಮುನ್ನ ತುಸು ತಡೀರಿ!

2004ರ ಜನವರಿ 1ಕ್ಕೆ ಮೊದಲು ರೈಲ್ವೆ ಸೇರಿದವರಿಗೆ ಹಳೇ ಪಿಂಚಣಿ ಉಂಟು. 20 ವರ್ಷ ದುಡಿದವರು ಮೂರು ತಿಂಗಳ ನೋಟಿಸು ಕೊಟ್ಟು 'ಸ್ವಯಂ ನಿವೃತ್ತಿ' ಪಡೆದರೆ ಪಿಂಚಣಿ ಕೈಗೆ ಬರುತ್ತದೆ. ಅದೇ ಅರ್ಜಿಯಲ್ಲಿ 'ರಾಜೀನಾಮೆ' ಅಂತ ಬರೆದರೋ, ಅಷ್ಟೂ ವರ್ಷದ ಸೇವೆ ನೀರಲ್ಲಿ ಹೋಮ ಮಾಡಿದಂತೆ! ದೆಹಲಿಯ ವಿದ್ಯುತ್ ನೌಕರರೊಬ್ಬರ ಮೊಕದ್ದಮೆಯಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ.

ಇನ್ನೊಂದು ಕೇಂದ್ರ ಸರ್ಕಾರಿ ನೌಕರಿಗೆ ಹೋಗುವವರು ಏನು ಮಾಡಬೇಕು? ಮೊದಲೇ ಅನುಮತಿ ಪಡೆದು, ಇಲಾಖೆಯ ಮೂಲಕವೇ ಅರ್ಜಿ ಹಾಕಿ, ರಾಜೀನಾಮೆಯಲ್ಲಿ ಆ ಸಂಗತಿ ಕಾಣಿಸಬೇಕು. ಆಗ ಹಳೇ ಸೇವೆಯೂ ಜೊತೆಗೇ ಬರುತ್ತದೆ.

2004ರ ನಂತರ ಸೇರಿ ಎನ್.ಪಿ.ಎಸ್.ನಲ್ಲಿ ಇರುವವರ ಲೆಕ್ಕ ಬೇರೆ. ಕೆಲಸ ಬದಲಿಸಿದರೂ ಖಾತೆ ನಂಬರು ಅದೇ, ಜಮೆಯಾದ ಹಣ ಅವರದೇ.

ಅಂಗಡಿಯನ್ನು ನಾಳೆಯೂ ತೆರೆಯಬಹುದು. ಮಂಜೂರಾದ ರಾಜೀನಾಮೆ ವಾಪಸು ಪಡೆಯೋದು ಕಷ್ಟ. ಸಹಿ ಹಾಕುವ ಮುನ್ನ ಪರ್ಸನಲ್ ಬ್ರಾಂಚಿನಲ್ಲಿ ಒಂದು ಮಾತು ಕೇಳಿ, ಸ್ವಾಮಿ!